ಬಾವಿಯ ಮೇಲಿಂದ ಕರೆದ ಹೆಸರು

ಒಂದೂರು. ಅಲ್ಲೊಬ್ಬ ಶ್ರೀಮಂತ. ಅವನ ಹೆಸರು ಬೇಡ ಬಿಡಿ, ಅವನೇನು ಯಾರ ಹೆಸರನ್ನಾದರೂ ಕೇಳಿದ್ದನೇ? ಅವನ ಬಾಯಲ್ಲಿ ಎಲ್ಲದಕ್ಕೂ ಒಂದೇ ಮಾತು. ಹೊಲ ಎಷ್ಟು? ಹತ್ತಾಳಿನ ಕೆಲಸ. ಬಾವಿ ಎಷ್ಟು ಆಳ? ಐದಾಳು. ಅಂಗಳದಲ್ಲಿ ನಿಂತವನು ಯಾರು? ಆಳು. ನೋಡಿ, ಮನುಷ್ಯನ ಮೈಯಿಂದಲೇ ಎಲ್ಲವನ್ನೂ ಅಳೆದ, ಆ ಮೈಗೊಂದು ಹೆಸರಿದೆ ಎಂಬುದೇ ಅವನಿಗೆ ಹೊಳೆಯಲಿಲ್ಲ.

ಒಂದು ಬೇಸಿಗೆ ಆ ಬಾವಿಯ ಹೂಳೆತ್ತಲು ಹಾಲಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ಹಳೆಯ ಬಾವಿಯ ತಳದಲ್ಲಿ ಗಾಳಿ ಕೆಟ್ಟಿರುತ್ತದೆ. ಅದಕ್ಕೇ ಮೇಲಿದ್ದವರು ಆಗಾಗ ಹೆಸರು ಹಿಡಿದು ಕೂಗಬೇಕು, ಕೆಳಗಿನವನು ಓಗೊಡಬೇಕು. ಓಗೊಡದಿದ್ದರೆ ಆ ಕ್ಷಣವೇ ಎಳೆಯಬೇಕು. ಜೊತೆಯವರು ಊಟಕ್ಕೆ ಹೋಗುವಾಗ, ಕೂಗುತ್ತಿರಿ ಎಂದು ಶ್ರೀಮಂತನಿಗೇ ಹೇಳಿ ಹೋದರು.

ಕೂಗಿದ. ಏನೆಂದು? "ಏ ಆಳೇ!"

"ಓ" ಎಂಬ ದನಿ ಬಂತು. ಸಮಾಧಾನವಾಯಿತು. ಮೂರು ಸಲ ಕೂಗಿದ, ಮೂರು ಸಲವೂ ಬಂತು. ತಾನು ಎಷ್ಟು ಜವಾಬ್ದಾರಿಯವನು ಎಂದು ಅವನಿಗೆ ಹೆಮ್ಮೆಯೇ ಆಯಿತು.

ಅಷ್ಟರಲ್ಲಿ ಹಾಲಪ್ಪನ ಹೆಂಡತಿ ಗುತ್ಯಮ್ಮ ರೊಟ್ಟಿ ತಂದಳು. ಅದೇ ಹೊತ್ತಿಗೆ ದನದ ಕೊಟ್ಟಿಗೆಯಿಂದ ಇನ್ನೊಬ್ಬ ಹೊರಬಂದು ಮೈಮೇಲಿನ ಹುಲ್ಲು ಕೊಡವಿದ.

"ಮೂರ್ ಸಲ ಕರದ್ರಿ ಧಣಿ. ಓ ಅಂತಾನೇ ಇದ್ದೆ. ಏನ್ ಬೇಕಿತ್ತು?"

ಶ್ರೀಮಂತ ಬಾವಿಯ ಕಡೆ ತಿರುಗಿದ. ಹಾಗಾದರೆ ಬಾವಿಯೊಳಗಿಂದ ಒಂದು ಸಲವೂ ಓಗೊಟ್ಟಿರಲಿಲ್ಲವೇ?

ಗುತ್ಯಮ್ಮ ಮದುವೆಯಾಗಿ ಇಪ್ಪತ್ತು ವರ್ಷ ಗಂಡನ ಹೆಸರು ಹೇಳಿದವಳಲ್ಲ. ಅಂಥವಳು ಬಾವಿಗೆ ಬಗ್ಗಿ ಕೂಗಿದಳು. "ಹಾಲಪ್ಪಾ!"

ಉತ್ತರವಿಲ್ಲ. ಮೂವರೂ ಸೇರಿ ಹಗ್ಗ ಎಳೆದರು.

ಬದುಕಿದನೇ ಎಂದು ತಾನೇ ನಿಮ್ಮ ಪ್ರಶ್ನೆ? ಬದುಕಿದ. ಬಹಳ ಹೊತ್ತಿನ ಮೇಲೆ ಕಣ್ಣು ತೆರೆದ. ಶ್ರೀಮಂತ ಕೇಳಿದ, ಮೊದಲ ಸಲ ಕೂಗಿದಾಗಲೇ ಏಕೆ ಓಗೊಡಲಿಲ್ಲ ಎಂದು.

"ಕೇಳುಸ್ತು ಧಣಿ. ಬ್ಯಾರೆ ಯಾರನ್ನೋ ಕರೀತಿದೀರಿ ಅನ್ಕಂಡೆ."

ಈಗ ಆ ಶ್ರೀಮಂತನನ್ನು ಬೈಯುತ್ತಾ ಕೂತಿದ್ದೀರಿ, ಅಲ್ಲವೇ? ನಿಮ್ಮ ಪಾತ್ರೆ ತಿಕ್ಕುವವಳ ಹೆಸರೇನು? ಬೀದಿ ಗುಡಿಸುವವನ ಹೆಸರೇನು? ಹೋದ ಸಲವೂ ಕೇಳಿದ್ದೆ, ಆಗಲೂ ಹೀಗೇ ನೆಲ ನೋಡಿದ್ದಿರಿ. ಎಷ್ಟು ಸಲ ಹೇಳಲಿ ನಿಮಗೆ? "ಕೆಲಸದವಳು ಬಂದಿಲ್ಲ" ಎಂದು ಸಿಡುಕಲು ಬರುತ್ತದೆ, ಅವಳಿಗೆ ಜ್ವರವೇ ಎಂದು ವಿಚಾರಿಸಲು ಹೆಸರೇ ಗೊತ್ತಿಲ್ಲ.

ನಾಳೆ ಬೆಳಿಗ್ಗೆ ಬಾಗಿಲು ತೆರೆದಾಗ ಮೊದಲು ಹೆಸರು ಕೇಳಿ. ನಾಡಿದ್ದಿನಿಂದ ಆ ಹೆಸರು ಹಿಡಿದೇ ಕರೆಯಿರಿ. ಒಂದು ದಿನ ಓಗೊಡದಿದ್ದರೆ, ಸಿಡುಕುತ್ತಾ ಕೂರಬೇಡಿ. ಚಪ್ಪಲಿ ಮೆಟ್ಟಿ ಅವರ ಮನೆಗೆ ಹೋಗಿ ನೋಡಿ.