ಹೆಪ್ಪು ಕೆಟ್ಟ ಮೇಲೆ

ಲಕ್ಷ್ಮೇಶ್ವರದಿಂದ ಗದಗಿಗೆ ಹೊರಟ ಬಸ್ಸಿನಲ್ಲಿ ನಾನು ಮಲಗಿದ್ದೇನೆಂದು ಮುಂದಿನ ಸೀಟಿನ ಗಂಡ ಹೆಂಡತಿ ನಂಬಿದ್ದರು. ಗೊರಕೆ ಹೊಡೆದು ನಾನೂ ಸಹಕರಿಸಿದೆ. ಗಂಡ ಬೀರಲಿಂಗಪ್ಪನಿಗೆ ಮರುದಿನ ಕರುಳಿನ ಕ್ಯಾನ್ಸರಿನ ಆಪರೇಷನ್.

"ಮುಂದಿನ ಸ್ಟಾಪಿಗೆ ಇಳದು ಊರಿಗೆ ಹೊಕ್ಕೀನಿ. ಕರುಳಿನ ಒಳಪದರ ವಾರದಾಗ ಪೂರಾ ಹೊಸಾದು ಆಗತೈತಿ ಅಂತ ಡಾಕ್ಟರ ಹೇಳ್ಯಾರ. ಕೆಟ್ಟದ್ದು ತಾನ ಉದರಿ ಹೋಗತೈತಿ."

"ಅರ್ಧಾ ಕೇಳಿ ಎದ್ದ ಬಂದ್ರಿ. ಹೊಸಾದನ್ನ ಹಡಿಯೋ ತಾಯಿ ಕಣಾನ ಕೆಟ್ಟೈತಂತ. ಅದು ಹಡದಿದ್ದೆಲ್ಲಾ ಕೆಟ್ಟದ್ದ."

"ದಿನಾ ಹೊಸಾದು ಹುಟ್ಟೋದು ಹೆಂಗ ಕೆಡತೈತಿ?"

"ನಮ್ಮ ಮಸರು ಕೆಡತಿರಲಿಲ್ಲೇನು? ಹಾಲು ದಿನಾ ಹೊಸಾದು. ಆದ್ರೂ ಮಸರು ಲೋಳಿ ಲೋಳಿ. ಹೆಪ್ಪ ಕೆಟ್ಟಿತ್ತು."

"ನಮ್ಮವ್ವನ ಕಾಲದ ಹೆಪ್ಪ ಅದು! ಆಮ್ಯಾಲ ತಾನ ಸುಧಾರಸ್ತಲ್ಲ?"

"ಎಲ್ಲಿ ಸುಧಾರಸ್ತು? ನಾ ಅದನ್ನ ಚೆಲ್ಲಿ, ಗಡಗಿ ತೊಳದು, ಫಕ್ಕೀರವ್ವನ ಕಡೆ ಹೆಪ್ಪ ತಂದೆ."

"ಯಾವ ಫಕ್ಕೀರವ್ವ? ನಾವು ಮಾತ ಬಿಟ್ಟ ಮನಿಯಾಕಿ?"

"ಆಕೀನ. ಅವತ್ತಿಂದ ನೀವು ಅವ್ವನ ಮಸರು ಅಂತ ಬೆರಳ ಚೀಪಿ ಉಣ್ಣಾಕತ್ತೀರಿ."

ನಾನು ಗೊರಕೆ ಮರೆತಿದ್ದೆ, ಅವರು ಗಮನಿಸಲಿಲ್ಲ. ಮುಂದಿನ ಸ್ಟಾಪು ಬಂತು, ಹೋಯಿತು. ಬೀರಲಿಂಗಪ್ಪ ಏಳಲಿಲ್ಲ.

ಗದಗಿನ ಆಸ್ಪತ್ರೆಯ ಮುಂದೆ ಬಸ್ಸು ನಿಂತಾಗ ಎದ್ದು, ಬಾಗಿಲವರೆಗೆ ಹೋಗಿ ಹೆಂಡತಿಯತ್ತ ತಿರುಗಿದ.

"ಗಡಗಿ ತೊಳದಾಗ ಹಳೇದು ಒಂದ ಹನಿ ಉಳದಿದ್ರ ಏನಾಗತಿತ್ತ?"

"ಜಲ್ದಿ ಇಳೀರಿ, ಬಸ್ ಹೊಂಟೈತಿ," ಎಂದು ಆಕೆ ಅವನ ಬೆನ್ನಿಗೆ ಕೈಯಿಟ್ಟಳು. ಬಸ್ಸು ಇನ್ನೂ ನಿಂತೇ ಇತ್ತು.