ಸೌನಾದ ಬಕೀಟು

ಬೇಡ ಅಣ್ಣ, ಬೇಡ! ಆ ಬಕೀಟಿನ ಮುಚ್ಚಳ ತೆಗೀಬೇಡ. ಸೌನಾ ಒಲೆ ಮೇಲಿನ ಕಲ್ಲು ಇನ್ನೂ ಸರಿಯಾಗಿ ಕಾದಿಲ್ಲ, ಈಗ್ಲೇ ನೀರು ಹಾಕಿದ್ರೆ ಹಬೆ ಏಳಲ್ಲ... ಕೂತ್ಕೋ ಸುಮ್ನೆ. ಹಲಗೆ ಸುಡ್ತಿದ್ಯಾ? ಟವೆಲ್ ಹಾಸ್ಕೋ.

ಏನು ಹಾಗೆ ನೋಡ್ತೀಯ? ಇಳಿದು ಹೋಗಿದೀನಿ ಅಂತಾನಾ? ಇಳೀದೆ ಇನ್ನೇನು! ಕುಡಿತ ಬಿಡಿಸೋ ಮನೇಲಿ ಬೆಣ್ಣೆ ಹಚ್ಚಿ ಕೊಡ್ತಾರಾ? ಓಟ್ಸ್ ಗಂಜಿ, ಬಟಾಣಿ ಸಾರು, ಮಿಕ್ಕಿದ್ದೆಲ್ಲ ಮಾತು. ಮಾತು, ಮಾತು, ಮಾತು! ಎಲ್ರನ್ನೂ ಸುತ್ತ ಕೂರಿಸ್ಕೊಂಡು, "ಕಾಲೆವಿ, ನಿನ್ನ ಮನಸ್ಸಲ್ಲೇನಿದೆ ಹೇಳು" ಅಂತಾರೆ. ಫಿನ್ಲೆಂಡಿನ ಗಂಡಸು ಕಣೋ ನಾನು! ನಮ್ಮಪ್ಪ ಸಾಯೋವರೆಗೂ ಯಾರನ್ನಾದ್ರೂ ಹಾಗೆ ಕೇಳಿದ್ನಾ? ...ನಗು ಬಂತಲ್ಲ. ನಗು, ಪರವಾಗಿಲ್ಲ.

ಮೂರು ವಾರ ಮುಗೀತು, ಇನ್ನೊಂದೇ ವಾರ. ಒಂದು ಹನಿ ಮುಟ್ಟಿಲ್ಲ. ನನ್ನ ಮಗಳು ಹೆಲ್ಮಿಗೆ ಹಾಗೇ ಹೇಳು.

ಏನು? ಬಂದಿದಾಳಾ! ಕಾರಲ್ಲೇ ಕೂತಿದಾಳಾ? ಒಳಗೆ ಯಾಕೆ... ಓ. ಮೊದ್ಲು ನೀನು ನನ್ನ ನೋಡ್ಬೇಕು, ಅಪ್ಪ ಕುಡಿದಿಲ್ಲ ಅಂತ ಖಾತ್ರಿ ಆಗ್ಬೇಕು, ಆಮೇಲೆ ಅವಳು ಬರೋದು. ಅವಳೇ ಹಾಗಂದ್ಲಾ? ಹದಿನೈದು ವರ್ಷದ ಹುಡುಗಿ... ಆಯ್ತು, ಅನ್ಲಿ. ಚರ್ಚಲ್ಲಿ ಅವಳಿಗೆ ದೀಕ್ಷೆ ಕೊಡೋ ಕನ್ಫರ್ಮೇಶನ್ ದಿನ ನಾನು ಬಿದ್ನಲ್ಲ, ಆ ಮೆಟ್ಟಿಲು ಜಾರ್ತಿತ್ತು ಅಣ್ಣ, ಅಷ್ಟೇ. ನೀನೂ ಅಲ್ಲೇ ಇದ್ದೆ, ಹೇಳ್ಬಾರ್ದಿತ್ತಾ?

ನೆನಪಿದ್ಯಾ, ಸೌನಾದಲ್ಲಿ ಕೂತು ಸುಳ್ಳು ಹೇಳಿದ್ರೆ ಅಮ್ಮ ಮೈಗೆ ಬಡ್ಕೊಳೋ ಆ ಒದ್ದೆ ಸೊಪ್ಪಿನ ಕಟ್ಟಲ್ಲೇ ಬಾರಿಸ್ತಿದ್ಲು? ಇಲ್ಲಿ ಸೌನಾ ಕಾಯಿಸೋ ಕೆಲಸ ನಾನೇ ಕೇಳಿ ತಗೊಂಡೆ. ಸೌದೆ ಒಡೆಯೋದು, ನೀರು ತುಂಬೋದು, ಎಲ್ಲ ನಂದೇ. ಬೇರೆಯವರಿಗೆ ಬಕೀಟು ಮುಟ್ಟೋಕೂ ಬಿಡಲ್ಲ. ಯಾಕೇಂದ್ರೆ... ಶಿಸ್ತು! ಶಿಸ್ತು ಕಲಿಸ್ತಾರೆ ಇಲ್ಲಿ.

ಏ! ಸೌಟು ಇಡು ಕೆಳಗೆ. ಹಬೆ ಆದ್ರೆ ನಂಗೆ ಎದೆ ಹಿಡ್ಕೊಳತ್ತೆ, ಡಾಕ್ಟ್ರು ಬೇಡ ಅಂದಿದಾರೆ. ನಿಂಗೆ ಚಳಿಯಾದ್ರೆ ಇನ್ನೆರಡು ಸೌದೆ ಹಾಕ್ತೀನಿ. ಅಣ್ಣ, ಕೇಳೋ... ಅಣ್ಣಾ!

...ಹಾಕೇ ಬಿಟ್ಟೆ.

ಘಮ್ ಅಂತಿದೆ ಅಲ್ವಾ? ಆಗ ತಾನೇ ಬೇಯಿಸಿದ ರೈ ಹಿಟ್ಟಿನ ರೊಟ್ಟಿ ಹಾಗೆ. ಹಬ್ಬದ ದಿನ ಅಪ್ಪ ಕಲ್ಲಿಗೆ ಹಾಕೋ ನೀರಿಗೆ ಚೂರು ಬಿಯರ್ ಬೆರೆಸ್ತಿದ್ನಲ್ಲ, ಅದೇ ವಾಸನೆ. ಹಳೇ ಕಲ್ಲು ಇವು... ಯಾರೋ ಯಾವಾಗ್ಲೋ ಹಾಕಿರ್ತಾರೆ. ಇಲ್ಲಾಂದ್ರೆ ಆ ವೆಸಾ, ನನ್ನ ರೂಮಿನವನು, ಅವನದೇ ಕೆಲಸ! ಕಳ್ಳ ನನ್ಮಗ, ನೋಡಿದ್ರೆ ಗೊತ್ತಾಗತ್ತೆ...

ಏನಾದ್ರೂ ಅನ್ನೋ. ಬೈಯಿ. ಬಾಯಿಗೆ ಬಂದ ಹಾಗೆ ಬೈದ್ಬಿಡು, ಹೀಗೆ ಬಕೀಟಿನೊಳಗೆ ಬಗ್ಗಿ ನೋಡ್ಬೇಡ.

ಬೆರಳು ಅದ್ದಿ ನೋಡೋದು ಬೇಡ. ನೀರಿಲ್ಲ ಅದ್ರಲ್ಲಿ. ಆಯ್ತಾ? ಒಂದು ತೊಟ್ಟೂ ನೀರಿಲ್ಲ. ಯಾರೂ ಬಕೀಟು ಮೂಸಿ ನೋಡಲ್ಲ ಇಲ್ಲಿ...

ಯಾಕೆ ಎತ್ಕೊಂಡೆ ಅದನ್ನ? ಎಲ್ಲಿಗೆ? ಹೆಲ್ಮಿಗೆ ತೋರಿಸ್ಬೇಡ ಅಣ್ಣ, ದಮ್ಮಯ್ಯ. ಅಪ್ಪಂಗೆ ಜ್ವರ, ಮುಂದಿನ ಭಾನುವಾರ ಬಾ ಅಂತ ಹೇಳು... ಅಳ್ತಿಲ್ಲ, ಬೆವರು ಇದು.

ಅಯ್ಯೋ, ಕಲ್ಲಿನ ಮೇಲೆ ಸುರೀಬೇಡ! ಎಲ್ಲಾ ಸುರೀಬೇಡ ಅಣ್ಣ... ಒಂದು ಸೌಟು ಉಳಿಸು. ಒಂದೇ ಒಂದು ಸೌಟು.