ಹೂಂಗುಟ್ಟಿದವಳ ಹೆಸರು

ಹಲೋ... ಹಲೋ, ಕುಣಿಗಲ್ ಪ್ರೆಸ್ಸಾ? ಯಾರು ಮಾತಾಡ್ತಿರೋದು?...

ರಂಗಣ್ಣನಾ! ನಾನಪ್ಪ, ತುಮಕೂರು ಉಪ್ಪಾರಹಳ್ಳಿಯಿಂದ ದಯಾನಂದ. ಹಾಂ, ಕತೆ ಪುಸ್ತಕದ ಮೇಷ್ಟ್ರು. ಅಚ್ಚಿನ ಮೊಳೆ ಜೋಡಿಸೋದು ಬಿಟ್ಟು ಫೋನ್ ಎತ್ತಿದೀಯ ಅಂದ್ರೆ ಯಜಮಾನರು ಅಂಗಡೀಲಿ ಇಲ್ಲ ಅಂತಾಯ್ತು...

ಕಣ್ಣು ವಾಸಿ. ಪೊರೆ ತೆಗೆದ್ರು, ಪಟ್ಟೀನೂ ಬಿಚ್ಚಿದ್ರು. ಇನ್ನು ಓದಬಹುದು ಅಂತ ಡಾಕ್ಟ್ರು ಇವತ್ತು ಬೆಳಿಗ್ಗೆ ಹೇಳಿದ್ರು. ಓದಿದೆ. ಅದಕ್ಕೇ ಫೋನ್ ಮಾಡ್ತಿರೋದು. ಯಜಮಾನರನ್ನ, ಅಶ್ವಥ್ ಅವರನ್ನ ಕರಿ...

ಊಟಕ್ಕೆ ಕೂತಿದ್ರೂ ಪರವಾಗಿಲ್ಲ, ಎಂಜಲು ಕೈಯಲ್ಲೇ ಬರಲಿ. ನಾನು ಕಾಯ್ತೀನಿ...

ನಮಸ್ಕಾರ, ಅಶ್ವಥ್ ಅವರೇ. ಹಾಂ, ನೀವು ಬಸ್ಸಿಗೆ ಹಾಕಿ ಕಳಿಸಿದ ಫಾರಂಗಳು, ಪುಸ್ತಕದ ಅಚ್ಚಾದ ಹಾಳೆಗಳು, ಬಂದು ತಲುಪಿದವು. ಅಚ್ಚು ಚೆನ್ನಾಗಿದೆ, ಕಾಗದ ಚೆನ್ನಾಗಿದೆ, ಅದರಲ್ಲಿ ನನ್ನ ತಕರಾರಿಲ್ಲ... ಇಲ್ಲ, ಇಲ್ಲ, ಕಾಗುಣಿತದ ತಪ್ಪು ಒಂದೂ ಸಿಗಲಿಲ್ಲ. ಇಷ್ಟು ಚೊಕ್ಕ ಇದೆ ಅಂದ್ರೆ ಯಾರೋ ಕೈಯಾಡಿಸಿದಾರೆ ಅಂತಲೇ ನನಗೆ ಹೆದರಿಕೆ ಶುರುವಾಗಿದ್ದು...

ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಹನುಮಮ್ಮ ಎಲ್ಲಿ?...

ಹನುಮಮ್ಮ, ಸ್ವಾಮಿ. ನಮ್ಮ ಕದರಮ್ಮನ ವಾರಗಿತ್ತಿ. ಅಣ್ಣನ ಹೆಂಡತಿ ಕದರಮ್ಮ, ತಮ್ಮನ ಹೆಂಡತಿ ಹನುಮಮ್ಮ... ಹೌದು, ಕತೆ ಹೇಳಿದ್ದು ಕದರಮ್ಮನೇ. ಅದರಲ್ಲಿ ಅನುಮಾನವಿಲ್ಲ, ಪುಸ್ತಕದ ಹೆಸರೇ 'ಹಾಗಲವಾಡಿ ಕದರಮ್ಮ ಹೇಳಿದ ಕತೆಗಳು' ಅಲ್ವಾ? ಆದರೆ ಎದುರಿಗೆ ಕೂತು ಹೂಂಗುಟ್ಟಿದವರು ಹನುಮಮ್ಮ...

ಬರೀ ಹೂಂ ಅಂತ ಅಂದ್ಕೋಬೇಡಿ. ನಡುವೆ ಕೇಳೋರು, ಅಣಕಿಸೋರು, ಅಡ್ಡ ಬರೋರು. ಒಬ್ಬರು ಹೇಳಬೇಕು, ಒಬ್ಬರು ಹೂಂಗುಟ್ಟಬೇಕು, ನಮ್ಮ ಕಡೆ ಕತೆ ನಡೆಯೋದೇ ಎರಡು ಕಾಲಿನ ಮೇಲೆ. ನಿಮ್ಮಜ್ಜಿ ನಿಮಗೆ ಕತೆ ಹೇಳ್ತಿರಲಿಲ್ವಾ? ನೀವು ಹೂಂ ಅನ್ನೋದು ನಿಂತರೆ ಅವರು ಒಂದು ಹೆಜ್ಜೆ ಮುಂದಕ್ಕೆ ಹೋಗ್ತಿದ್ರಾ?...

ಅಲ್ವಾ? ನಿದ್ದೆ ಬಂತೇನೋ ಅಂತ ತೊಡೆಗೆ ಗಿಲ್ಲೋರಾ? ನೋಡಿ, ನಿಮಗೂ ಗೊತ್ತಿದೆ. ನಾನು ಬರೆದುಕೊಟ್ಟ ಪ್ರತಿಯಲ್ಲಿ ಹನುಮಮ್ಮನ ಒಂದೊಂದು ಮಾತೂ ಇತ್ತು. ನೀವು ಅಚ್ಚು ಹಾಕಿದ್ದರಲ್ಲಿ ಒಂದೂ ಇಲ್ಲ. ಮೊದಲ ಕತೆಯಿಂದ ಕೊನೆಯ ಕತೆಯವರೆಗೆ ಹೊಲದಲ್ಲಿ ಕಳೆ ಕಿತ್ತ ಹಾಗೆ ಕಿತ್ತಿದಾರೆ. ಯಾರು ಮಾಡಿದ್ದು?...

ಸ್ವರ್ಣಲತಾ ಮೇಡಂ? ಹೈಸ್ಕೂಲಿನ ಕನ್ನಡ ಟೀಚರು... ಹೌದು, ನನ್ನ ಕಣ್ಣಿಗೆ ಪಟ್ಟಿ ಇದ್ದಾಗ ಅವರೇ ಪ್ರೂಫ್ ನೋಡಲಿ ಅಂತ ನಾನೇ ಒಪ್ಪಿದ್ದೆ. ಆದರೆ ಕೀಳಿ ಅಂತ ಯಾರು ಹೇಳಿದ್ದು?...

ಅವರು ಕಿತ್ತಿದ್ದಲ್ವಾ? ಮತ್ತೆ?... ಕಂಪೋಸೇ ಆಗಲಿಲ್ವಾ? ರಂಗಣ್ಣ ಬಿಟ್ಟುಬಿಟ್ಟನಾ? ಅಷ್ಟೂ ಬಿಟ್ಟನಾ? ಯಾಕೆ?...

ಕೆಂಪು ಇಂಕು...

ಹಾಂ. ಕೆಂಪಲ್ಲಿ ಬರೆದಿದ್ದೆ. ಕದರಮ್ಮನ ಮಾತಿಗೆ ಕಪ್ಪು, ಹನುಮಮ್ಮನ ಮಾತಿಗೆ ಕೆಂಪು. ಯಾರ ಮಾತು ಎಲ್ಲಿ ಮುಗಿಯಿತು, ಯಾರದು ಎಲ್ಲಿ ಶುರುವಾಯಿತು ಅನ್ನೋದು ಕಲಸಿಹೋಗಬಾರದು ಅಂತ... ಹಾಗಲವಾಡಿಯಿಂದ ಬಂದ ಸಂಜೇನೇ, ಕೇಳಿದ್ದು ಕಿವಿಯಿಂದ ಇಳಿಯೋಕೆ ಮುಂಚೆ, ಎರಡು ಪೆನ್ನು ಇಟ್ಕೊಂಡು ಕೂತು ಬರೆದಿದ್ದು, ಅಶ್ವಥ್ ಅವರೇ. ಕಾಫೀನೂ ಮುಟ್ಟದೆ...

ಗೊತ್ತಾಯ್ತು. ಪ್ರೆಸ್ಸಲ್ಲಿ ಕೆಂಪು ಅಂದರೆ ತಿದ್ದೋರ ಟಿಪ್ಪಣಿ, ಅದಕ್ಕೆ ಮೊಳೆ ಜೋಡಿಸೋ ಹಾಗಿಲ್ಲ. ನಿಮ್ಮಲ್ಲಿ ಅದು ಕಟ್ಟಳೆ. ರಂಗಣ್ಣ ಕಟ್ಟಳೆಯ ಹಾಗೆ ನಡೆದುಕೊಂಡ. ಟೀಚರಮ್ಮ ಅಚ್ಚಾದ ಕಪ್ಪನ್ನ ನನ್ನ ಕಪ್ಪಿನ ಜೊತೆ ತಾಳೆ ನೋಡಿ ಎಲ್ಲ ಸರಿಯಿದೆ ಅಂದ್ರು. ನಾನು ಯಾರನ್ನ ಬೈಯ್ಯಲಿ ಹೇಳಿ? ಬೈಯ್ಯೋಕಾದರೂ ಒಬ್ಬರನ್ನ ಉಳಿಸಬಾರದಿತ್ತಾ?...

ಹೇಳದೆ ಏನು, ಹೇಳಿದ್ದೆ. ಕೆಂಪಕ್ಷರ ಹನುಮಮ್ಮನದು, ಅದನ್ನೂ ಅಚ್ಚು ಹಾಕತಕ್ಕದ್ದು ಅಂತ ಮೊದಲನೇ ಹಾಳೆಯ ತಲೆಯ ಮೇಲೇ ಸೂಚನೆ ಬರೆದಿದ್ದೆ... ಯಾವ ಇಂಕಲ್ಲಾ?...

...ಕೆಂಪಲ್ಲೇ...

ನಗಿ, ನಗಿ, ನೀವಾದರೂ ನಗಿ. ನಕ್ಕಾದ ಮೇಲೆ ಅಲ್ಲೇ ಒಂದು ಫಾರಂ ತೆಗೀರಿ. ಹಗೇವಿನ ಸೊಸೆ ಕತೆ. ಸಿಕ್ತಾ? ಅತ್ತೆ ಕಿರಿ ಸೊಸೆಯನ್ನ ರಾಗಿ ತೆಗೆಯೋಕೆ ಅಂತ ಹಗೇವಿಗೆ ಇಳಿಸಿ, ಮೇಲಿಂದ ಚಪ್ಪಡಿ ಎಳೆದುಬಿಡ್ತಾಳೆ. ನೆಲದೊಳಗಿನ ಧಾನ್ಯದ ಗುಂಡಿ, ಕತ್ತಲೆ, ಗಾಳಿಯಿಲ್ಲ. ಅಲ್ಲಿಂದ ಮುಂದಿನ ಸಾಲು ಜೋರಾಗಿ ಓದಿ...

ಹಾಂ, ಅದೇ. 'ಬಾಯ್ಮುಚ್ಚು ಮೂದೇವಿ, ಯೋಳ್ತೀನಿ ಇರು, ಒಂದು ಇಲಿ ಬತ್ತು.' ಯಾರಿಗೆ ಅಂತಿದಾರೆ ಕದರಮ್ಮ? ಪುಸ್ತಕ ಕೊಂಡು ಓದೋರಿಗಾ? ಮನೆಗೆ ಬಂದ ಓದುಗರನ್ನ ಮೂದೇವಿ ಅನ್ನಿಸಿಬಿಟ್ರಲ್ಲ, ಅಶ್ವಥ್ ಅವರೇ!...

ಮಧ್ಯ ಏನಿತ್ತು ಹೇಳ್ತೀನಿ, ಕೇಳಿ. ಹನುಮಮ್ಮ ಅಂದ್ರು: 'ಅಲ್ಲ ಕಣಕ್ಕ, ಹಗೇವ್ನಾಗೆ ಹಾಕಿ ಚಪ್ಪಡಿ ಎಳುದ್ರೆ ಉಸ್ರು ಎಲ್ಲಾಡ್ತಾಳೆ ಅವ್ಳು?' ಕದರಮ್ಮನ ಕೈಯಲ್ಲಿದ್ದ ಎಲೆ ಹಾಗೇ ನಿಂತುಬಿಡ್ತು. ಸುಣ್ಣ ಹಚ್ಚಿದ್ರು, ಮಡಚಲಿಲ್ಲ. ಅವರಿಗೂ ಉತ್ತರ ಗೊತ್ತಿರಲಿಲ್ಲ, ಸ್ವಾಮಿ! ಆಮೇಲೆ ಬೈದ್ರು. ಬೈದಾದ ಮೇಲೆ ಇಲಿ ಬಂತು. ಇಲಿ ಬಿಲ ಕೊರೀತು, ಬಿಲದಿಂದ ಗಾಳಿ ಬಂತು, ಸೊಸೆ ಉಳಿದಳು...

ಏನು ಮಹಾ ವ್ಯತ್ಯಾಸವಾ? ಇದೇ ಕತೆಯನ್ನ ಗುಬ್ಬಿ ತಾಲ್ಲೂಕಿನ ಬೇರೆ ಊರುಗಳಲ್ಲೂ ಕೇಳಿ ಬರೆದುಕೊಂಡಿದೀನಿ. ನಿಮ್ಮ ಕುಣಿಗಲ್ ಕಡೆ ಕಲ್ಲಮ್ಮ ಅನ್ನೋರ ಬಾಯಲ್ಲೂ ಕೇಳಿದೀನಿ. ಎಲ್ಲ ಕಡೆಯೂ ಸೊಸೆ ಹಗೇವಿನಲ್ಲೇ ಸಾಯ್ತಾಳೆ. ಸತ್ತು, ಹಿತ್ತಲಲ್ಲಿ ರಾಗಿ ತೆನೆಯಾಗಿ ಹುಟ್ಟಿ ಅಳ್ತಾಳೆ. ಜೀವ ಸಹಿತ ಮೇಲೆ ಬರೋದು ಹಾಗಲವಾಡಿಯ ಆ ಒಂದು ಜಗಲಿಯ ಮೇಲೆ ಮಾತ್ರ. ಅವಳನ್ನ ಬದುಕಿಸಿದವರು ಹೇಳಿದವರಲ್ಲ. ಎದುರಿಗೆ ಕೂತು ಕೇಳಿದವರು. ಈಗ ಅವರೇ ಇಲ್ಲ ಪುಸ್ತಕದಲ್ಲಿ...

ಟೇಪಾ? ಟೇಪ್ ಇಲ್ಲ. ಒಂದು ಸಲ ಟೇಪ್ ರೆಕಾರ್ಡರ್ ಒಯ್ದು ಮುಂದೆ ಇಟ್ಟೆ. 'ಈ ಪೆಟ್ಗೆ ಹೂಂ ಅಂತದಾ, ಮೇಷ್ಟ್ರೇ?' ಅಂದ್ರು ಕದರಮ್ಮ. ಅನ್ನೋದಿಲ್ಲ ಅಂದೆ. 'ಹಂಗಾರೆ ಆಚ್ಗೆ ಮಡಗಿ' ಅಂದ್ರು...

ಮತ್ತೆ ಹೋಗಿ ಹೇಳಿಸೋದು ಹೇಗೆ? ಹನುಮಮ್ಮ ತೀರಿಕೊಂಡು ವರ್ಷ ಕಳೀತು... ನಿಮಗೆ ಹೇಳಿದ್ದೆ. ಮರೆತಿದೀರಿ, ಇರಲಿ. ಅವತ್ತಿನಿಂದ ಕದರಮ್ಮ ಒಂದು ಕತೆಯನ್ನೂ ಹೇಳಿಲ್ಲ. ಮೊಮ್ಮಕ್ಕಳು ಕಾಲು ಹಿಡಿದ್ರೂ ಇಲ್ಲ. ಹೂಂಗುಟ್ಟೋರಿಲ್ಲದೆ ಕತೆ ಹೇಳಿದರೆ ಅದನ್ನ ದೆವ್ವ ಕೇಳಿಸ್ಕೊಳ್ತವೆ ಅಂತಾರೆ. ನಾನೇ ಹೂಂ ಅಂತೀನಿ, ಹೇಳಿ ಅಂತ ಕೂತೆ. ಒಂದೆರಡು ಮಾತು ಹೇಳಿ ನಿಲ್ಲಿಸಿಬಿಟ್ಟರು. 'ನಿಮ್ದು ಇಸ್ಕೂಲ್ ಹೂಂ, ಮೇಷ್ಟ್ರೇ. ಹಾಜರಿ ಕೂಗ್ದಂಗೆ ಐತೆ, ಬುಡಿ' ಅಂದ್ರು...

ಈಗ ನಾನು ಹೋದಾಗಲೆಲ್ಲ ಅವರು ಕೇಳೋದು ಒಂದೇ. 'ಹನುಮಿ ಬಂದವ್ಳಾ ಪುಸ್ತಕದಾಗೆ?' ಬಂದಿದಾರೆ ಕಣಮ್ಮ, ಒಂದು ಮಾತೂ ಬಿಡದ ಹಾಗೆ ಬಂದಿದಾರೆ ಅಂತ ನಾನು ಹೇಳಿಟ್ಟಿದೀನಿ. ಬರೋ ಭಾನುವಾರ ಅವರೂರ ಸ್ಕೂಲಿನಲ್ಲಿ ಬಿಡುಗಡೆ. ಮೊದಲ ಸಾಲಿನಲ್ಲಿ ಅವರು ಕೂತಿರ್ತಾರೆ. ನಾನು ಎದ್ದು ನಿಂತು ಒಂದು ಕತೆ ಓದಬೇಕು. ಏನು ಓದಲಿ?...

ಹಸ್ತಪ್ರತಿಯಿಂದಲಾ? ಓದಬಹುದು. ಅವತ್ತಿಗೆ ಮಾನ ಉಳಿಯುತ್ತೆ. ಸೋಮವಾರ ಅವರ ಮೊಮ್ಮಗಳು ಪುಸ್ತಕ ಬಿಚ್ಚಿ ಅಜ್ಜಿಗೆ ಓದಿ ಹೇಳ್ತಾಳಲ್ಲ, ಆಗ ನಾನು ಎಲ್ಲಿರಬೇಕು?...

ಮತ್ತೆ ಕಂಪೋಸ್ ಮಾಡಿಸೋಕೆ ಏನಾದರೂ... ಹಾಂ, ಮೊಳೆ ಎಲ್ಲ ಬಿಡಿಸಿ ಪೆಟ್ಟಿಗೆಗೆ ಹಾಕಾಯ್ತು. ಇರೋ ಮೊಳೆಯಲ್ಲೇ ಒಂದು ಫಾರಂ ಅಚ್ಚು ಮಾಡಿ, ಕಳಚಿ, ಮುಂದಿನದಕ್ಕೆ ಜೋಡಿಸಬೇಕು, ನನಗೂ ಗೊತ್ತು. ಮೊದಲಿಂದ ಶುರು ಮಾಡಿ ಅಂತ ಹೇಳೋಕೆ ನನಗೆ ಬಾಯಿ ಬರೋದಿಲ್ಲ...

ತಪ್ಪು-ಒಪ್ಪು ಪಟ್ಟಿ ಹಾಕೋಣವಾ ಅಂತೀರಾ? ಬಿಟ್ಟುಹೋಗಿದ್ದನ್ನೆಲ್ಲ ಹಾಕಿದ್ರೆ ಪುಸ್ತಕಕ್ಕಿಂತ ಅದೇ ದಪ್ಪ ಆಗುತ್ತೆ...

ಎರಡನೇ ಮುದ್ರಣ. ಹೂಂ. ಜಾನಪದ ಕತೆಗಳ ಪುಸ್ತಕ ಎರಡನೇ ಸಲ ಅಚ್ಚಾದದ್ದನ್ನ ನಮ್ಮ ಜಿಲ್ಲೆಯಲ್ಲಿ ನೀವು ಕಂಡಿದ್ದರೆ ಹೇಳಿ, ಬಂದು ದರ್ಶನ ಮಾಡ್ತೀನಿ...

ಇಲ್ಲ, ನಿಮ್ಮನ್ನ ದೂರಲ್ಲ. ಬೆಂಗಳೂರಿನ ಪ್ರಕಾಶಕರೊಬ್ಬರು ಕೇಳಿದ್ದರು. ಭಾಷೆ ತಿದ್ದಿ, ಕೊನೆಗೊಂದು ನೀತಿ ಸೇರಿಸಿ ಕೊಟ್ಟರೆ ಬಣ್ಣದ ಚಿತ್ರ ಹಾಕಿ ತರ್ತೀವಿ ಅಂದ್ರು. ಕೊಡಲಿಲ್ಲ. ಇನ್ನೊಂದು ಸಂಸ್ಥೆಯವರು ಸರದಿ ಬರಲಿ ಅಂತ ವರ್ಷಗಟ್ಟಲೆ ಬೀರುವಿನಲ್ಲಿ ಇಟ್ಕೊಂಡಿದ್ರು. ವಾಪಸ್ ತಂದೆ. ಮದುವೆ ಕಾಗದ ಅಚ್ಚು ಹಾಕೋ ನಿಮ್ಮ ಬಾಗಿಲಿಗೆ ಯಾಕೆ ಬಂದೆ ಅಂದರೆ, 'ಒಂದಕ್ಷರ ಮುಟ್ಟಲ್ಲ ಸಾರ್' ಅಂದವರು ನೀವೊಬ್ಬರೇ...

ನಿಜ, ಮಾತು ಉಳಿಸ್ಕೊಂಡ್ರಿ. ಕೆಂಪು ಒಂದಕ್ಷರಾನೂ ಮುಟ್ಟಲಿಲ್ಲ...

ಏನಂದ್ರಿ? ಶೀರ್ಷಿಕೆ ಪುಟದ ಫಾರಂ ಇನ್ನೂ ಉಳಿದಿದೆಯಾ?... ಮಿಷನ್ ಮೇಲೆ ಏರಿಸಿ ಇಟ್ಟಿದೀರಾ? ಹಾಗಾದರೆ ನಿಲ್ಲಿಸಿ. ನಾನು ಬಸ್ಸಿಗೆ ಬರ್ತೀನಿ. ನಡೆದದ್ದೆಲ್ಲ ವಿವರಿಸಿ ಎರಡು ಪುಟ...

ಕರೆಂಟು. ಹೋಗೋ ಹೊತ್ತಾಯ್ತಾ? ಹೋದರೆ ನಾಳೆವರೆಗೂ ಇಲ್ವಾ... ಲಾರಿ ಸಂಜೆಗೇ ಹೊರಡಬೇಕು, ಬೈಂಡಿಂಗ್ ಬೆಂಗಳೂರಲ್ಲಿ. ಹಾಂ. ಹಾಂ. ಭಾನುವಾರಕ್ಕೆ ಬೇಕು ಅಂತ ಪಟ್ಟು ಹಿಡಿದವನೂ ನಾನೇ...

ಒಂದು ಸಾಲಾ? ಒಂದೇ ಸಾಲು? ಎಲ್ಲಿ?... ಮುದ್ರಣ ವಿವರದ ಕೆಳಗೆ, 'ಮೊದಲ ಮುದ್ರಣ ೧೯೯೪' ಅಂತ ಇದೆಯಲ್ಲ, ಅದರ ಕೆಳಗೆ ಒಂದು ಸಾಲಿನ ಜಾಗ. ಆಗಲಿ. ಒಂದಾದರೂ ಆಗಲಿ. ನೀವು ದೊಡ್ಡವರು. ರಂಗಣ್ಣ ಪಕ್ಕದಲ್ಲೇ ಇದಾನಾ? ಬರ್ಕೊಳ್ಳಿ...

'ಈ ಸಂಗ್ರಹದ ಸಮಸ್ತ ಕತೆಗಳ ನಿರೂಪಣೆಯಲ್ಲಿ ಆದ್ಯಂತವಾಗಿ ಶ್ರೋತೃವಾಗಿಯೂ ಪ್ರಶ್ನಿಸುವವರಾಗಿಯೂ ಭಾಗವಹಿಸಿದ...'

ಉದ್ದ ಆಯ್ತಾ? ಹೌದು, ಹೌದು. ಅಳತೆ ಗೊತ್ತಾಯ್ತು. ಹೊಡೆದುಹಾಕಿ. ಹೀಗೆ ಬರ್ಕೊಳ್ಳಿ: 'ಹೂಂಗುಟ್ಟಿದವರು, ಹನುಮಮ್ಮ.' ಹಿಡಿಸುತ್ತಾ? ಸುಲಭವಾಗಿ ಹಿಡಿಸುತ್ತಾ? ಸರಿ ಹಾಗಾದರೆ...

ಇರಿ, ಒಂದು ನಿಮಿಷ ಇರಿ, ಜೋಡಿಸಬೇಡಿ. ಪೇಟೆಯವರು ನೋಡಿ, ಹೂಂ ಅಂದವರಿಗೂ ಒಂದು ಹೆಸರಾ ಅಂತ ನಗ್ತಾರೆ. ಆಯಮ್ಮ ನಗೆಪಾಟಲಾಗಬಾರದು. 'ಸಹನಿರೂಪಕಿ' ಅಂತ ಹಾಕಿದ್ರೆ? ಗೌರವವಾಗಿರುತ್ತೆ, ವಿದ್ವಾಂಸರೂ ಒಪ್ತಾರೆ...

ಬೇಡ. ಕದರಮ್ಮನಿಗೆ ಓದಿ ಹೇಳಿದ್ರೆ 'ಅದ್ಯಾರು ಆವಮ್ಮ' ಅಂತಾರೆ. ತೆಗೀರಿ. 'ಕತೆ ಕೇಳಿದವರು'... ಅದೂ ಆಗಲ್ಲ, ಹಾಗೆ ನೋಡಿದರೆ ನಾನೂ ಕೇಳಿದವನೇ. 'ಕತೆಯನ್ನು ಮುಂದಕ್ಕೆ ನಡೆಸಿದವರು'... ಇದು ಹತ್ತಿರ ಬಂತು, ಆದರೆ...

ಗೊತ್ತು ಅಶ್ವಥ್ ಅವರೇ, ಗೊತ್ತು. ಅವಸರ ಅಂತ ಗೊತ್ತು. ಆದರೆ ಇದೊಂದು ಸಾಲು ತಾನೇ ಆಯಮ್ಮನಿಗೆ ಉಳಿದಿರೋದು? ಇದರಲ್ಲೂ ತಪ್ಪಿದ್ರೆ ನಾನು... ನನ್ನ ಹೆಸರಿನ ಮುಂದೆ ಎಂ.ಎ. ಅಂತ ಇದೆಯಲ್ಲ, ಅದನ್ನ ಕಿತ್ತು ಆ ಜಾಗಾನೂ ಕೊಡಿ. ನನ್ನ ಹೆಸರನ್ನೇ ಕಿತ್ತರೂ ಚಿಂತೆಯಿಲ್ಲ... ಆಗಲ್ವಾ? ಸಂಗ್ರಾಹಕರ ಹೆಸರು ಇರಲೇಬೇಕಾ? ಇರಲಿ ಬಿಡಿ, ಇರಲಿ...

ಏನದು ಸದ್ದು? ಮಿಷನ್ನಾ? ಯಾರು ಶುರು ಮಾಡಿದ್ದು? ಅಶ್ವಥ್ ಅವರೇ, ನಿಲ್ಲಿಸಿ, ಇನ್ನೂ ಹೇಳ್ತಿದೀನಿ. ರಂಗಣ್ಣಾ! ಯಾವುದನ್ನ ಜೋಡಿಸಿದ? ಏನಾದರೂ ಜೋಡಿಸಿದನಾ? ಹಾಗೇ ಓಡಿಸಿಬಿಟ್ಟನಾ?...

ಕೇಳಿಸ್ತಿಲ್ಲ. ಜೋರಾಗಿ ಹೇಳಿ. ಆಯ್ತಾ, ಆಗಲಿಲ್ವಾ? ಅದೊಂದು ಹೇಳಿ...

ಬೇಡ, ಬಿಡಿ, ಏನೂ ಬೇಡ. ಹಿಂದೆ ಮುಂದೆ ಒಂದು ಪದವೂ ಬೇಡ. ಬರೀ ಹೆಸರು ಹಾಕಿ. ಹನುಮಮ್ಮ. ಅಷ್ಟು ಸಾಕು, ಕದರಮ್ಮನಿಗೆ ಅಷ್ಟು ಸಾಕು. ಹನುಮಮ್ಮ ಅಂತ... ಹಲೋ?... ಅಶ್ವಥ್ ಅವರೇ, ಕೇಳಿಸ್ತಾ?... ಹಲೋ... ಹಲೋ...